‘ನಾನು ದಪ್ಪ’ ಎಂದುಕೊಂಡ ಮೇಲೆ: ಹದಿಹರೆಯದವರ ತೂಕದ ಅಂದಾಜು ಮತ್ತು ಆರೋಗ್ಯದ ನಡವಳಿಕೆ

ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಎರಡು ವರ್ಷಕ್ಕೊಮ್ಮೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಒಂದು ಪ್ರಶ್ನಾವಳಿ ಹಂಚುತ್ತದೆ. ಅದರಲ್ಲಿ ತೂಕದ ಕುರಿತು ಎರಡು ಪ್ರಶ್ನೆಗಳು. ನಿಮ್ಮ ತೂಕ ಹೇಗಿದೆ ಅನ್ನಿಸುತ್ತದೆ? ಅದರ ಬಗ್ಗೆ ಈಗ ಏನು ಮಾಡುತ್ತಿದ್ದೀರಿ? 2013ರ ಸುತ್ತಿನಲ್ಲಿ ತಾವು ದಪ್ಪ ಎಂದವರು ಶೇ. 31.1. ಮಕ್ಕಳೇ ಬರೆದುಕೊಟ್ಟ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದರೆ ಹೆಚ್ಚು ತೂಕದ ಗೆರೆ ದಾಟಿದ್ದವರು ಸುಮಾರು ಶೇ. 30. ಮೇಲ್ನೋಟಕ್ಕೆ ಲೆಕ್ಕ ತಾಳೆಯಾಯಿತು. ಆದರೆ ಈ ಎರಡು ಗುಂಪುಗಳಲ್ಲಿ ಇರುವವರು ಅದೇ ಮಕ್ಕಳಲ್ಲ. ಗೆರೆಯೊಳಗಿದ್ದೂ ‘ನಾನು ದಪ್ಪ’ ಎನ್ನುವವರಿದ್ದಾರೆ, ಗೆರೆ ದಾಟಿಯೂ ‘ಸರಿಯಾಗಿಯೇ ಇದ್ದೇನೆ’ ಎನ್ನುವವರಿದ್ದಾರೆ. ಎರಡನೇ ಪ್ರಶ್ನೆಯ ಉತ್ತರ ಇನ್ನೂ ಗೋಜಲು. ತೂಕ ಇಳಿಸಲು ಹೊರಟವರು ಶೇ. 47.7, ಹುಡುಗಿಯರಲ್ಲಿ ಶೇ. 62.6, ಹುಡುಗರಲ್ಲಿ ಶೇ. 33.1. ದಪ್ಪಗಿರುವವರಿಗಿಂತ, ದಪ್ಪಗಿದ್ದೇವೆ ಎಂದುಕೊಂಡವರಿಗಿಂತ, ಇಳಿಯಬೇಕೆಂದು ಹೊರಟವರೇ ಹೆಚ್ಚು.

ಮಕ್ಕಳು ತಮ್ಮ ತೂಕದ ಬಗ್ಗೆ ಏನಂದುಕೊಂಡಿದ್ದಾರೆ ಎಂಬುದು ಅವರು ತಿನ್ನುವುದನ್ನು, ಆಡುವುದನ್ನು, ಉಪವಾಸ ಬೀಳುವುದನ್ನು, ಸಿಗರೇಟು ಹಚ್ಚುವುದನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ? ಅಂದಾಜು ತಪ್ಪಿದ್ದರೆ ತಿದ್ದಬೇಕೇ? ಮೂರು ದಶಕಗಳಿಂದ ವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ಶಿಕ್ಷಣ ಇಲಾಖೆಗಳು ಇದನ್ನು ವಾದಿಸುತ್ತಿವೆ. ಅಂದಾಜು ಸರಿಯೋ ತಪ್ಪೋ ಎಂಬಲ್ಲೇ ಚರ್ಚೆ ಬಹಳ ಕಾಲ ಸಿಕ್ಕಿಕೊಂಡಿತ್ತು. ಈಚಿನ ಪುರಾವೆಗಳು ಬೇರೆಡೆ ಬೆರಳು ತೋರಿಸುತ್ತಿವೆ: ಅದೇ ಅಂದಾಜು ಒಂದು ಮನೆಯಲ್ಲಿ ಒಂದು ನಡವಳಿಕೆಗೂ ಇನ್ನೊಂದು ಮನೆಯಲ್ಲಿ ಅದರ ತದ್ವಿರುದ್ಧಕ್ಕೂ ದಾರಿಯಾಗಬಹುದು.

ಅಳತೆಗೋಲು ಬಂದ ಬಗೆ

ತೂಕದ ಅಂದಾಜು ‘ತಪ್ಪು’ ಎನ್ನಬೇಕಾದರೆ ‘ಸರಿ’ ಯಾವುದೆಂದು ಹೇಳುವ ಅಳತೆ ಬೇಕು. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ 1830ರ ದಶಕದಲ್ಲಿ ಮನುಷ್ಯರ ತೂಕ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಗುರುತಿಸಿದ. ಅವನಿಗೆ ಬೇಕಾಗಿದ್ದದ್ದು ಜನಸಮುದಾಯದ ಸರಾಸರಿ. ಒಬ್ಬೊಬ್ಬರ ಆರೋಗ್ಯ ಅಳೆಯುವುದು ಅವನ ಉದ್ದೇಶವಾಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದೇ ಸೂತ್ರಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟರು. ಇಂದು ಶಾಲೆಯ ಆರೋಗ್ಯ ಕಾರ್ಡಿನಿಂದ ಜಿಮ್ಮಿನ ಗೋಡೆಯವರೆಗೆ ಎಲ್ಲೆಲ್ಲೂ ಇರುವ ಬಿಎಂಐ ಇದೇ. ಮಕ್ಕಳು ಬೆಳೆಯುವವರಾದ್ದರಿಂದ ಅವರಿಗೆ ಒಂದೇ ಅಂಕಿ ಸಾಲದು. ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಓದುವ ಬೆಳವಣಿಗೆಯ ನಕ್ಷೆ ಬೇಕು. 5ರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಅಂಥ ನಕ್ಷೆಯನ್ನು 2007ರಲ್ಲಿ ಹೊರತಂದಿತು.

ಅಂದಾಜಿನ ಅಧ್ಯಯನ ಶುರುವಾದದ್ದು ಇನ್ನೊಂದು ದಿಕ್ಕಿನಿಂದ. ಮನೋವೈದ್ಯೆ ಹಿಲ್ಡೆ ಬ್ರೂಕ್ 1962ರಲ್ಲಿ ಅನೊರೆಕ್ಸಿಯಾ ರೋಗಿಗಳ ಬಗ್ಗೆ ಬರೆಯುತ್ತ, ಎಲುಬು ಕಾಣುವಷ್ಟು ಸೊರಗಿದ ಹುಡುಗಿಗೂ ತನ್ನ ದೇಹ ಸರಿಯಾಗಿಯೇ ಕಾಣುವುದನ್ನು ರೋಗದ ಮುಖ್ಯ ಲಕ್ಷಣವೆಂದು ಗುರುತಿಸಿದರು. ಹಾಗಾಗಿ ತಪ್ಪು ಅಂದಾಜು ಎಂದರೆ ಮೊದಲಿಗೆ ಆಸ್ಪತ್ರೆ ಸೇರಿದ ಕೆಲವರ ಕಾಯಿಲೆಯಾಗಿತ್ತು. ಅದು ಸಾಮಾನ್ಯ ಮಕ್ಕಳ ವಿಷಯವಾದದ್ದು ದೊಡ್ಡ ಸಮೀಕ್ಷೆಗಳು ಬಂದ ಮೇಲೆ. ಇಂಗ್ಲೆಂಡ್, ಫಿನ್ಲೆಂಡ್ ಮತ್ತು ನಾರ್ವೆಯ ಸಂಶೋಧಕರು 1980ರ ದಶಕದ ಮೊದಲರ್ಧದಲ್ಲಿ ಆರಂಭಿಸಿದ, ಈಗ ನಾಲ್ಕು ವರ್ಷಕ್ಕೊಮ್ಮೆ 11, 13 ಮತ್ತು 15ರ ವಯಸ್ಸಿನ ಶಾಲಾಮಕ್ಕಳನ್ನು ಮಾತನಾಡಿಸುವ ಅಂತರರಾಷ್ಟ್ರೀಯ ಅಧ್ಯಯನ ಅವುಗಳಲ್ಲೊಂದು. 1991ರಲ್ಲಿ ಮೊದಲ ಸುತ್ತು ಕಂಡ ಅಮೆರಿಕದ ಸಮೀಕ್ಷೆ ಮತ್ತೊಂದು. ಇವುಗಳಿಂದ ಒಂದು ಸಂಗತಿ ಖಚಿತವಾಯಿತು: ತೂಕದ ಬಗೆಗಿನ ತಪ್ಪೆಣಿಕೆ ಅಪರೂಪವಲ್ಲ, ಮತ್ತು ಅದು ಎರಡು ಕಡೆಗೂ ವಾಲುತ್ತದೆ. ಒಟ್ಟಾರೆಯಾಗಿ ಹುಡುಗಿಯರು ಇರುವುದಕ್ಕಿಂತ ಹೆಚ್ಚು ಎಣಿಸುತ್ತಾರೆ, ಹುಡುಗರು ಕಡಿಮೆ ಎಣಿಸುತ್ತಾರೆ.

ಮೊದಲ ಪಂಥ: ಗೊತ್ತಾದರೆ ತಿದ್ದಿಕೊಳ್ಳುತ್ತಾರೆ

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮನಶ್ಶಾಸ್ತ್ರಜ್ಞರು ಒಂದು ಮಾದರಿ ಕಟ್ಟಿದರು. ಉಚಿತವಾಗಿ ಕ್ಷಯದ ಎಕ್ಸ್‌-ರೇ ತೆಗೆಯುತ್ತೇವೆಂದರೂ ಜನ ಏಕೆ ಬರುವುದಿಲ್ಲ ಎಂಬುದು ಅವರ ಸಮಸ್ಯೆಯಾಗಿತ್ತು. ಅಪಾಯ ತನಗೂ ಇದೆ, ಅದು ಗಂಭೀರವಾದದ್ದು, ಪರಿಹಾರದಿಂದ ಲಾಭವಿದೆ ಎಂದು ಮನವರಿಕೆಯಾದಾಗ ಮನುಷ್ಯ ಹೆಜ್ಜೆ ಇಡುತ್ತಾನೆ ಎಂಬುದು ಅವರು ಕಂಡುಕೊಂಡ ಉತ್ತರ. ತೂಕಕ್ಕೆ ಇದನ್ನು ಅನ್ವಯಿಸುವುದು ಸುಲಭ. ತಾನು ದಪ್ಪಗಿದ್ದೇನೆಂದು ತಿಳಿಯದ ಮಗು ಬದಲಾಗಲು ಕಾರಣವೇ ಇಲ್ಲ.

ಈ ಪಂಥದ ಬೆನ್ನಿಗೆ ಪುರಾವೆಯೂ ಇದೆ. ಹೆಚ್ಚು ತೂಕವಿದ್ದೂ ತಾವು ಸರಿಯಾಗಿದ್ದೇವೆ ಎನ್ನುವ ಮಕ್ಕಳು ತೂಕ ಇಳಿಸಲು ಯತ್ನಿಸುವುದು ಕಡಿಮೆ ಎಂದು ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಇದೇ ತರ್ಕದ ಮೇಲೆ ಅಮೆರಿಕದ ಆರ್ಕನ್ಸಾ ರಾಜ್ಯ 2003ರಲ್ಲಿ ಕಾಯಿದೆ ಮಾಡಿ, ಶಾಲೆಗಳು ಮಕ್ಕಳ ಬಿಎಂಐ ಅಳೆದು ಪೋಷಕರಿಗೆ ವರದಿ ಕಳಿಸುವಂತೆ ಮಾಡಿತು. ಅಂಕಪಟ್ಟಿಯ ಜೊತೆಗೆ ತೂಕದ ಪಟ್ಟಿಯೂ ಮನೆಗೆ ಹೋಗತೊಡಗಿತು. ಇಂಗ್ಲೆಂಡಿನಲ್ಲೂ 2005–06ರಿಂದ ಶಾಲಾಮಕ್ಕಳನ್ನು ಅಳೆಯುವ ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ.

ಈ ತರ್ಕವನ್ನು ಒರೆಗೆ ಹಚ್ಚಿದ ಗಟ್ಟಿ ಪ್ರಯೋಗ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಕ್ರಿಸ್ಟಿನ್ ಮ್ಯಾಡ್ಸೆನ್ ಮತ್ತು ಸಂಗಡಿಗರು 79 ಶಾಲೆಗಳ 28 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೂರು ಗುಂಪು ಮಾಡಿದರು: ಅಳೆದು ಮನೆಗೆ ವರದಿ ಕಳಿಸಿದವರು, ಅಳೆದು ಸುಮ್ಮನಿದ್ದವರು, ಅಳೆಯದೇ ಬಿಟ್ಟವರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವರದಿ ಕಳಿಸಿದ್ದರಿಂದ ಮಕ್ಕಳ ತೂಕದಲ್ಲಿ ವ್ಯತ್ಯಾಸ ಆಗಲಿಲ್ಲ. ಅಳತೆಗೆ ಒಳಗಾದ ಮಕ್ಕಳಲ್ಲಿ ತಮ್ಮ ತೂಕದ ಬಗೆಗಿನ ಅಸಮಾಧಾನ ಮಾತ್ರ ಹೆಚ್ಚಾಯಿತು. ಮಾಹಿತಿ ತಲುಪಿತು, ಬದಲಾವಣೆ ಬರಲಿಲ್ಲ.

ಎರಡನೇ ಪಂಥ: ಹಣೆಪಟ್ಟಿಯೇ ಹೊರೆ

ಎರಡನೇ ಪಂಥದ ವಾದ ಮೊದಲನೆಯದಕ್ಕೆ ನೇರ ವಿರುದ್ಧ. ‘ನಾನು ದಪ್ಪ’ ಎಂಬ ಅರಿವು ಆರೋಗ್ಯದ ಕಡೆಗೆ ತಳ್ಳುವುದಿಲ್ಲ. ನಾಚಿಕೆ, ಒತ್ತಡ, ಕದ್ದು ತಿನ್ನುವುದು ಮತ್ತು ಊಟ ಬಿಡುವುದರ ಕಡೆಗೆ ತಳ್ಳುತ್ತದೆ. ಕೊನೆಗೆ ತೂಕವೂ ಏರುತ್ತದೆ.

ಇದರ ಬೇರು ಕೀಸ್ ಅವರದೇ ಇನ್ನೊಂದು ಪ್ರಯೋಗದಲ್ಲಿದೆ. 1944–45ರಲ್ಲಿ ಮಿನೆಸೋಟದಲ್ಲಿ ಯುದ್ಧಕ್ಕೆ ಹೋಗಲೊಪ್ಪದ 36 ಯುವಕರು ಸ್ವಯಂಪ್ರೇರಿತರಾಗಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಿಗೆ ಊಟದ ಧ್ಯಾನ ಬಿಟ್ಟರೆ ಬೇರೇನೂ ಉಳಿಯಲಿಲ್ಲ; ಅಡುಗೆ ಪುಸ್ತಕ ಸಂಗ್ರಹಿಸತೊಡಗಿದವರೂ ಇದ್ದರು. ಪಥ್ಯ ಮುಗಿದ ಮೇಲೆ ಹಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಹೊಟ್ಟೆ ಕಟ್ಟಿದಷ್ಟೂ ತಿನ್ನುವ ಒತ್ತಡ ಏರುತ್ತದೆ ಎಂಬ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞರಾದ ಪೀಟರ್ ಹರ್ಮನ್ ಮತ್ತು ಜಾನೆಟ್ ಪೊಲಿವಿ 1970ರ ದಶಕದಲ್ಲಿ ಬೆಳೆಸಿದರು.

ಹದಿಹರೆಯದವರ ಮೇಲಿನ ಪುರಾವೆ ಬಂದದ್ದು ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿಂದ. ಅಮೆರಿಕದ 9ರಿಂದ 14 ವರ್ಷದ ಸುಮಾರು ಹದಿನೈದು ಸಾವಿರ ಮಕ್ಕಳನ್ನು ಗಮನಿಸಿದ ಆಲಿಸನ್ ಫೀಲ್ಡ್ ಅವರ ತಂಡ 2003ರಲ್ಲಿ, ಡಯಟ್ ಮಾಡಿದವರ ತೂಕ ಮಾಡದವರಿಗಿಂತ ಹೆಚ್ಚು ಏರಿತೆಂದು ವರದಿ ಮಾಡಿತು. ಮಿನಿಯಾಪೊಲಿಸ್–ಸೇಂಟ್ ಪಾಲ್ ಪ್ರದೇಶದ ಶಾಲೆಗಳಲ್ಲಿ 1998–99ರಲ್ಲಿ ಶುರುವಾದ ಡಯಾನ್ ನ್ಯೂಮಾರ್ಕ್-ಸ್ಟೈನರ್ ಅವರ ‘ಪ್ರಾಜೆಕ್ಟ್ ಈಟ್’ ಐದು ವರ್ಷದ ನಂತರ ಮತ್ತೆ ಅದೇ ಮಕ್ಕಳ ಬಳಿ ಹೋಯಿತು. ತಮ್ಮ ದೇಹದ ಬಗ್ಗೆ ಅಸಮಾಧಾನವಿದ್ದವರಲ್ಲಿ ಊಟ ಬಿಡುವುದು, ಒಮ್ಮೆಗೇ ಮಿತಿಮೀರಿ ತಿನ್ನುವುದು ಹೆಚ್ಚಿತ್ತು. ಹುಡುಗಿಯರಲ್ಲಿ ದೈಹಿಕ ಚಟುವಟಿಕೆ ಕಡಿಮೆಯಿತ್ತು. ದೇಹದ ಬಗ್ಗೆ ಬೇಸರ ಇದ್ದರೆ ತಾನಾಗಿ ಓಡುತ್ತಾರೆ, ಈಜುತ್ತಾರೆ ಎಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಮೈಯ ಬಗ್ಗೆ ನಾಚಿಕೆಯಿರುವ ಹುಡುಗಿ ಆಟದ ಮೈದಾನಕ್ಕೆ ಇಳಿಯುವುದಾದರೂ ಹೇಗೆ?

ನಿಜಕ್ಕೂ ದಪ್ಪವಿಲ್ಲದೆ ದಪ್ಪ ಎಂದುಕೊಂಡವರ ಕಥೆ ಇನ್ನೂ ಕುತೂಹಲಕರ. ಆಂಜೆಲಿನಾ ಸುಟಿನ್ ಮತ್ತು ಆಂಟೋನಿಯೋ ತೆರಾಚ್ಚಾನೊ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹದಿಹರೆಯದಲ್ಲಿ ಹೀಗೆ ತಪ್ಪಾಗಿ ಎಣಿಸಿದ್ದವರಿಗೆ ಸುಮಾರು ಹನ್ನೆರಡು ವರ್ಷದ ನಂತರ ಬೊಜ್ಜು ಬರುವ ಸಂಭವ, ಸರಿಯಾಗಿ ಎಣಿಸಿದ್ದವರಿಗೆ ಹೋಲಿಸಿದರೆ, ಶೇ. 40ರಷ್ಟು ಹೆಚ್ಚಿತ್ತು. ಹುಡುಗರಲ್ಲಿ ಈ ನಂಟು ಇನ್ನೂ ಬಲವಾಗಿತ್ತು. ಅದೇ ಮಾಹಿತಿಕೋಶವನ್ನು ಇನ್ನೊಂದು ಕಡೆಯಿಂದ ನೋಡಿದ ಕೆಂಡ್ರಿನ್ ಸೋನ್‌ವಿಲ್ ಅವರ ತಂಡ, ಹೆಚ್ಚು ತೂಕವಿದ್ದೂ ‘ಸರಿಯಾಗಿದ್ದೇನೆ’ ಎಂದುಕೊಂಡವರ ತೂಕ ಮುಂದೆ ಕಡಿಮೆ ಏರಿತೆಂದು ಕಂಡಿತು. ಮೊದಲ ಪಂಥ ತಿದ್ದಬೇಕೆಂದು ಹೊರಟಿದ್ದ ಅಜ್ಞಾನವೇ ಮಗುವನ್ನು ಕಾಯುತ್ತಿತ್ತೇ?

ಹಣೆಪಟ್ಟಿ ಹಚ್ಚುವವರು ಯಾರು ಎಂಬುದನ್ನೂ ಕೇಳಿದವರಿದ್ದಾರೆ. ಜೆಫ್ರಿ ಹಂಗರ್ ಮತ್ತು ಜಾನೆಟ್ ತೊಮಿಯಾಮ 2014ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರ ಮಾಹಿತಿ ನೋಡಿದರು. ಹತ್ತನೇ ವಯಸ್ಸಿಗೆ ಯಾರಿಂದಲಾದರೂ ‘ನೀನು ತುಂಬಾ ದಪ್ಪ’ ಎನ್ನಿಸಿಕೊಂಡವರಿಗೆ ಹತ್ತೊಂಬತ್ತರಲ್ಲಿ ಬೊಜ್ಜಿರುವ ಸಾಧ್ಯತೆ ಹೆಚ್ಚಿತ್ತು. ಹತ್ತರ ವಯಸ್ಸಿನಲ್ಲಿದ್ದ ತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಇದು ಉಳಿಯಿತು. ಹೊರಗಿನವರ ಮಾತಿಗಿಂತ ಮನೆಯವರ ಮಾತಿನ ನಂಟು ತುಸು ಗಾಢವಾಗಿತ್ತು.

ಮೂರನೇ ಪಂಥ: ಕಣ್ಣು ಸಮಾಜದ್ದು

ಮೊದಲೆರಡು ಪಂಥಗಳು ಅಂದಾಜು ಹುಟ್ಟಿದ ನಂತರದ ಮಾತಾಡುತ್ತವೆ. ಮೂರನೆಯದು ಅದು ಹುಟ್ಟುವುದು ಹೇಗೆ ಎಂದು ಕೇಳುತ್ತದೆ. ನೇರ ಅಳತೆ ಇಲ್ಲದ ಕಡೆ ಮನುಷ್ಯ ತನ್ನನ್ನು ಪಕ್ಕದವರ ಜೊತೆ ಹೋಲಿಸಿಕೊಳ್ಳುತ್ತಾನೆ ಎಂದು ಲಿಯೋನ್ ಫೆಸ್ಟಿಂಜರ್ 1954ರಲ್ಲಿ ಹೇಳಿದ್ದು ಇದರ ಬುನಾದಿ. ಇಲ್ಲಿಂದ ಎರಡು ಕವಲುಗಳು ಒಡೆದವು.

ಒಂದು ಕವಲು ಮಾಧ್ಯಮದ್ದು. ಇದರ ಪ್ರಸಿದ್ಧ ನಿದರ್ಶನ ಫಿಜಿ. ತುಂಬಿದ ಮೈಯನ್ನೇ ಮೆಚ್ಚುತ್ತಿದ್ದ ಆ ದ್ವೀಪದ ನಡ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಹಾರ್ವರ್ಡಿನ ಆನ್ ಬೆಕರ್ ಆಗಲೇ ಶಾಲಾ ಹುಡುಗಿಯರನ್ನು ಮಾತನಾಡಿಸಿದ್ದರು. 1998ರಲ್ಲಿ ಮತ್ತೊಮ್ಮೆ ಮಾತನಾಡಿಸಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಎಂದವರ ಪ್ರಮಾಣ ಸೊನ್ನೆಯಿಂದ ಶೇ. 11.3ಕ್ಕೆ ಏರಿತ್ತು. ಗುಂಪುಗಳು ಚಿಕ್ಕವು, ಒಂದೊಂದರಲ್ಲಿ ಅರವತ್ತು ಚಿಲ್ಲರೆ ಹುಡುಗಿಯರು. ಎರಡು ಸಲವೂ ಕೇಳಿದ್ದು ಬೇರೆ ಬೇರೆ ಹುಡುಗಿಯರನ್ನು. ಹಾಗಾಗಿ ಇದು ಸೂಚನೆಯೇ ಹೊರತು ಸಾಬೀತಲ್ಲ. ಟಿವಿಯ ಜಾಗಕ್ಕೆ ಇಂದು ಇನ್‌ಸ್ಟಾಗ್ರಾಂ ಬಂದಿದೆ. 2021ರಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಸಂಶೋಧನೆ ಸೋರಿಕೆಯಾದಾಗ, ಮೊದಲೇ ದೇಹದ ಬಗ್ಗೆ ಕೊರಗುತ್ತಿದ್ದ ಹದಿಹರೆಯದ ಹುಡುಗಿಯರಲ್ಲಿ ಮೂರನೇ ಒಂದರಷ್ಟು ಮಂದಿಗೆ ಇನ್‌ಸ್ಟಾಗ್ರಾಂ ಆ ಕೊರಗನ್ನು ಹೆಚ್ಚಿಸುತ್ತಿದೆ ಎಂಬ ಅಂಶ ಹೊರಬಿತ್ತು.

ಇನ್ನೊಂದು ಕವಲು ಸುತ್ತಲಿನ ನಿಜವಾದ ಮೈಗಳದ್ದು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎರಿಕ್ ರಾಬಿನ್ಸನ್ ವಾದಿಸುವಂತೆ, ಸುತ್ತಲಿನವರ ಸರಾಸರಿ ಮೈ ದೊಡ್ಡದಾದಂತೆ ನಮ್ಮ ಕಣ್ಣಿನ ‘ಸಾಧಾರಣ’ವೂ ಸರಿಯುತ್ತದೆ. ಹೆಚ್ಚು ತೂಕವಿದ್ದವರಿಗೆ ಅದು ಕಾಣದಿರುವುದಕ್ಕೆ ಇದು ಸರಳ ವಿವರಣೆ. 2002ರಿಂದ 2018ರವರೆಗೆ ಹಲವು ದೇಶಗಳ ಶಾಲಾಮಕ್ಕಳ ಮಾಹಿತಿ ಜೋಡಿಸಿದ ಲಕ್ಸೆಂಬರ್ಗಿನ ಸಂಶೋಧಕರು, ತೂಕವನ್ನು ಕಡಿಮೆ ಎಣಿಸುವವರು ಹೆಚ್ಚುತ್ತಿದ್ದಾರೆ, ಹೆಚ್ಚು ಎಣಿಸುವವರು ಕಡಿಮೆಯಾಗುತ್ತಿದ್ದಾರೆ ಎಂದು 2023ರಲ್ಲಿ ಹೇಳಿದ್ದು ಈ ಕವಲಿಗೆ ಬಲ ಕೊಡುತ್ತದೆ. ಮಾಧ್ಯಮ ಒಂದು ಕಡೆ ಎಳೆದರೆ ನೆರೆಹೊರೆ ಇನ್ನೊಂದು ಕಡೆ ಎಳೆಯುತ್ತದೆ. ಯಾವುದು ಯಾರ ಮೇಲೆ ಗೆಲ್ಲುತ್ತದೆ ಎಂದು ಹೇಳಲು ಸಿದ್ಧಾಂತ ಇನ್ನೂ ಬಲಿತಿಲ್ಲ.

ಡಯಟ್ ಒಂದೇ ಅಲ್ಲ

ನಡವಳಿಕೆ ಎಂದರೆ ತಟ್ಟೆಯ ಲೆಕ್ಕ ಮಾತ್ರವಲ್ಲ. ಹೊಗೆಸೊಪ್ಪಿನ ಕಂಪನಿಗಳು ಇದನ್ನು ವೈದ್ಯರಿಗಿಂತ ಮೊದಲೇ ಅರಿತಿದ್ದವು. 1920ರ ದಶಕದ ಕೊನೆಯಲ್ಲೇ ‘ಲಕ್ಕಿ ಸ್ಟ್ರೈಕ್’ ಸಿಹಿ ತಿನ್ನುವ ಬದಲು ಸಿಗರೇಟು ಸೇದಿ ಎಂದು ಹೆಂಗಸರಿಗೆ ಜಾಹೀರಾತು ಕೊಟ್ಟಿತು; 1968ರಲ್ಲಿ ಬಂದ ‘ವರ್ಜೀನಿಯಾ ಸ್ಲಿಮ್ಸ್’ ತೆಳ್ಳಗಿರುವುದನ್ನು ಹೆಸರಿನಲ್ಲೇ ಇಟ್ಟುಕೊಂಡಿತು. ತೂಕದ ಚಿಂತೆಯಿರುವ ಹುಡುಗಿಯರು ಸಿಗರೇಟು ಶುರುಮಾಡುವ ಸಂಭವ ಹೆಚ್ಚೆಂದು 1990ರ ದಶಕದ ಅಧ್ಯಯನಗಳು ಕಂಡವು.

ಹುಡುಗರ ಕೊರಗು ಸಾಮಾನ್ಯವಾಗಿ ಬೇರೆ ದಿಕ್ಕಿನದು. ಅವರಲ್ಲಿ ಹಲವರಿಗೆ ದಪ್ಪಗಿರುವುದಕ್ಕಿಂತ ‘ಕಡ್ಡಿ ಪೈಲ್ವಾನ’ ಎನ್ನಿಸಿಕೊಳ್ಳುವುದೇ ಅವಮಾನ. ಹಾರ್ವರ್ಡಿನ ಹ್ಯಾರಿಸನ್ ಪೋಪ್ 1993ರಲ್ಲಿ ದೇಹದಾರ್ಢ್ಯ ಪಟುಗಳಲ್ಲಿ ತಲೆಕೆಳಗಾದ ಅನೊರೆಕ್ಸಿಯಾ ಕಂಡರು: ಹುರಿಗಟ್ಟಿದ ಮೈಯಿದ್ದೂ ಸಣಕಲೆಂದು ನಂಬುವುದು. ನಂತರ ಅದಕ್ಕೆ ಮಸಲ್ ಡಿಸ್‌ಮಾರ್ಫಿಯಾ ಎಂದು ಹೆಸರಾಯಿತು. ಪ್ರೋಟೀನ್ ಪುಡಿ, ಸ್ಟೀರಾಯ್ಡ್, ಅತಿಯಾದ ಕಸರತ್ತು ಇದರ ಹಿಂದೆ ಬರುತ್ತವೆ. ಹೊರಗಿನಿಂದ ನೋಡಿದರೆ ಇದು ಆರೋಗ್ಯದ ಕಾಳಜಿಯಂತೆಯೇ ಕಾಣುವುದರಿಂದ ಮನೆಯವರ ಗಮನಕ್ಕೆ ಬರುವುದು ತಡ. ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಹಳೆಯ ಪ್ರಶ್ನಾವಳಿಗಳಿಗೂ ಇದು ಸಿಕ್ಕುತ್ತಿರಲಿಲ್ಲ.

ನಮ್ಮ ಮಕ್ಕಳಿಗೆ ಯಾವ ಅಳತೆ?

ಭಾರತಕ್ಕೆ ಬಂದರೆ ಅಂದಾಜಿಗಿಂತ ಮೊದಲು ಅಳತೆಗೋಲೇ ಅಲುಗಾಡುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿಕೊಂಡರು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ತೆಳ್ಳಗೆ ಕಾಣುವ ಭಾರತೀಯರ ಮೈಯೊಳಗೆ ಕೊಬ್ಬು ಅಡಗಿರುತ್ತದೆ ಎಂಬ ಈ ಮಾತಿಗೆ ಮೈಸೂರಿನಲ್ಲೂ ಪುರಾವೆ ಸಿಕ್ಕಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ‘ಪಾರ್ಥೆನಾನ್’ ಅಧ್ಯಯನದ ಶಿಶುಗಳು ಬ್ರಿಟನ್ನಿನ ಬಿಳಿಯ ಶಿಶುಗಳಿಗಿಂತ ಹಗುರವಾಗಿದ್ದವು. ಆದರೆ ಉಳಿದ ಅಳತೆಗಳು ಕುಗ್ಗಿದಷ್ಟು ಅವುಗಳ ಬೆನ್ನಿನ ಚರ್ಮದಡಿಯ ಕೊಬ್ಬು ಕುಗ್ಗಿರಲಿಲ್ಲ.

ಇಂಥ ಕಾರಣಗಳಿಂದ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರ ನಕ್ಷೆಗಳಲ್ಲಿ ಹೆಚ್ಚು ತೂಕ ಮತ್ತು ಬೊಜ್ಜಿಗೆ ವಯಸ್ಕರ ಬಿಎಂಐ 23 ಮತ್ತು 27ಕ್ಕೆ ಸಮನಾದ ಗೆರೆಗಳನ್ನು ಎಳೆಯಿತು. ಬೇರೆಡೆ ರೂಢಿಯಲ್ಲಿರುವುದು 25 ಮತ್ತು 30. ಹಾಗಾಗಿ ಒಂದು ನಕ್ಷೆಯಲ್ಲಿ ‘ಸರಿ’ ಇರುವ ಹುಡುಗ ಇನ್ನೊಂದರಲ್ಲಿ ‘ಹೆಚ್ಚು’. ಅವನು ತನ್ನನ್ನು ಸರಿ ಎಂದುಕೊಂಡರೆ ಅದು ತಪ್ಪೆಣಿಕೆಯೋ ಅಲ್ಲವೋ ಎಂಬುದು ಮೇಜಿನ ಮೇಲೆ ಯಾವ ನಕ್ಷೆಯಿದೆ ಎಂಬುದಕ್ಕೆ ಬಿಟ್ಟದ್ದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ಶೇ. 24 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ತೆಳ್ಳನೆಯವರು, ಹೆಚ್ಚು ತೂಕದವರು ಶೇ. 5. ರಕ್ತಹೀನತೆ ಇದ್ದವರು ಶೇ. 28. ಬೊಜ್ಜಿನ ಚಿಂತೆಯಿಂದ ಹುಟ್ಟಿದ ಪಾಶ್ಚಾತ್ಯ ಸಿದ್ಧಾಂತಗಳು ಈ ಮಕ್ಕಳನ್ನು ಅಂಚಿಗೆ ಸರಿಸುತ್ತವೆ. ರಕ್ತ ಸಾಲದ ತೆಳ್ಳನೆಯ ಹುಡುಗಿ ‘ಇನ್ನೂ ಸ್ವಲ್ಪ ಇಳಿಯಬೇಕು’ ಎಂದು ಬೆಳಗಿನ ತಿಂಡಿ ಬಿಟ್ಟರೆ ಅದರ ಅಪಾಯ ಬೇರೆಯೇ ತೂಕದ್ದು. ನಮ್ಮ ಮನೆಗಳಲ್ಲಿ ಮೈಯ ಬಗೆಗಿನ ಮಾತಿಗೆ ಸಂಕೋಚವೂ ಕಡಿಮೆ. ಅಜ್ಜಿ ‘ಎಷ್ಟು ಸೊರಗಿದ್ದೀಯೇ’ ಎಂದ ದಿನವೇ ಅತ್ತೆ ‘ಮೈ ಬಂದುಬಿಟ್ಟಿದೆ, ನೋಡ್ಕೋ’ ಎನ್ನಬಹುದು. ಎರಡನ್ನೂ ಅಕ್ಕರೆಯಿಂದಲೇ ಆಡಿರುತ್ತಾರೆ. ಕೇಳುವ ಹುಡುಗಿ ಯಾವುದನ್ನು ನಂಬುತ್ತಾಳೆ ಎಂಬುದರ ಮೇಲೆ ಅವಳ ತಟ್ಟೆ ನಿಂತಿದೆ.

ಪಂಥಗಳು ಸೇರುವ ಜಾಗ

ಎರಡನೇ ಪಂಥವನ್ನು ಪೂರ್ತಿ ಒಪ್ಪಿದರೆ ವೈದ್ಯರು ತೂಕದ ಮಾತೇ ಎತ್ತಬಾರದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರಲ್ಲಿ ಅದರ ಹತ್ತಿರಕ್ಕೆ ಬಂದಿತ್ತು: ಡಯಟ್‌ಗೆ ಪ್ರೋತ್ಸಾಹ ಬೇಡ, ಮನೆಯಲ್ಲಿ ತೂಕದ ಮಾತು ಮತ್ತು ಚುಡಾಯಿಸುವುದು ಬೇಡ, ಒಟ್ಟಿಗೆ ಕೂತು ಉಣ್ಣಿ ಎಂದಿತು. ಅದೇ ಅಕಾಡೆಮಿ 2023ರಲ್ಲಿ ಬೊಜ್ಜಿಗೆ ಕಾದು ನೋಡುವುದು ಸಲ್ಲದು ಎಂದು ಹೇಳಿ, ತಜ್ಞರೊಡನೆ ತಿಂಗಳುಗಟ್ಟಲೆ ನಡೆಯುವ ಆಪ್ತ ಚಿಕಿತ್ಸೆ ಮತ್ತು 12 ತುಂಬಿದವರಿಗೆ ಔಷಧಿಯನ್ನೂ ಸೂಚಿಸಿತು. ಹಲವರಿಗೆ ಇದು ನಿಲುವು ಬದಲಿಸಿದಂತೆ ಕಂಡಿತು.

ಆದರೆ ಎರಡೂ ಒಟ್ಟಿಗೆ ನಿಲ್ಲಬಹುದು. ಸಿಡ್ನಿಯ ಹಿಬಾ ಜೆಬೇಲೆ ಅವರ ತಂಡ 2019ರಲ್ಲಿ ಅಧ್ಯಯನಗಳನ್ನು ಕ್ರೋಡೀಕರಿಸಿ, ತಜ್ಞರ ಕಣ್ಗಾವಲಿನಲ್ಲಿ ನಡೆಯುವ ಚಿಕಿತ್ಸೆಯಿಂದ ಮಕ್ಕಳಲ್ಲಿ ಆಹಾರ ಸಂಬಂಧಿ ಮನೋರೋಗದ ಅಪಾಯ ಹೆಚ್ಚುವುದಿಲ್ಲ ಎಂದಿತು. ಅಂದರೆ ಒಂಟಿಯಾಗಿ, ಗುಟ್ಟಾಗಿ, ನಾಚಿಕೆಯಿಂದ ಮಾಡಿದ ಡಯಟ್ ಬೇರೆ. ಬೆನ್ನಿಗೆ ಜನ ನಿಂತು, ಹಸಿವು ಮುಟ್ಟದಂತೆ ಮಾಡಿಸಿದ ಬದಲಾವಣೆ ಬೇರೆ. ಹಾಗಾಗಿ ‘ನಾನು ದಪ್ಪ’ ಎಂಬ ಅರಿವಿನ ಜೊತೆ ಏನು ಬರುತ್ತದೆ, ದಾರಿಯೋ ಅವಮಾನವೋ ಎಂಬುದೇ ನಡವಳಿಕೆಯನ್ನು ತಿರುಗಿಸುವಂತೆ ತೋರುತ್ತದೆ. ಕ್ಯಾಲಿಫೋರ್ನಿಯಾದ ವರದಿಪಟ್ಟಿ ಅರಿವು ಕೊಟ್ಟಿತು, ದಾರಿ ಕೊಡಲಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು, ಯಾವುದು ಕಾರಣ, ಯಾವುದು ಪರಿಣಾಮ. ತಾನು ದಪ್ಪವಾಗುತ್ತಿದ್ದೇನೆ ಎಂದು ಮಗುವಿಗೆ ನಕ್ಷೆಗಿಂತ ಮೊದಲೇ ಗೊತ್ತಾಗಿರಬಹುದು. ಬಟ್ಟೆ ಬಿಗಿಯಾದದ್ದು, ಮನೆಯವರೆಲ್ಲ ದಪ್ಪಗಿರುವುದು ಅದಕ್ಕೆ ಸುಳಿವು. ಹಾಗಿದ್ದರೆ ಸುಟಿನ್ ಮತ್ತು ತೆರಾಚ್ಚಾನೊ ಕಂಡದ್ದು ತಪ್ಪು ಅಂದಾಜಿನ ಶಿಕ್ಷೆಯಲ್ಲ, ಸರಿಯಾದ ಮುನ್ಸೂಚನೆ. ಡಯಟ್ ಮಾಡಿದ್ದರಿಂದ ತೂಕ ಏರಿತೋ, ಏರುವ ಮೈಯವರೇ ಡಯಟ್ ಹಿಡಿದರೋ ಎಂಬ ಪ್ರಶ್ನೆಗೂ ಇದೇ ಗತಿ. ಅಂದಾಜನ್ನು ಚೀಟಿ ಎತ್ತಿ ಹಂಚಲಾಗದು. ಆದ್ದರಿಂದ ಪ್ರಯೋಗದಿಂದ ಇದನ್ನು ಬಿಡಿಸುವುದು ಕಷ್ಟ.

ಎರಡನೆಯದು, ಅಜ್ಞಾನ ಎಲ್ಲಿಯವರೆಗೆ ಕಾಯುತ್ತದೆ. ತುಸು ಹೆಚ್ಚು ತೂಕದ ಮಗುವಿಗೆ ತಿಳಿಯದಿದ್ದರೆ ಒಳ್ಳೆಯದಿರಬಹುದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ಮಗುವಿಗೂ ಇದೇ ಮಾತು ಅನ್ವಯಿಸುತ್ತದೆಯೇ? ಗೆರೆ ಎಲ್ಲಿ ಎಳೆಯಬೇಕು?

ಮೂರನೆಯದು ಹೊಸ ಔಷಧಿಗಳು ಎತ್ತಿದ ಪ್ರಶ್ನೆ. ತೂಕ ಇಳಿಸುವ ಸೆಮಾಗ್ಲುಟೈಡ್‌ಗೆ ಅಮೆರಿಕ 2022ರ ಕೊನೆಯಲ್ಲಿ 12 ತುಂಬಿದವರಿಗೂ ಒಪ್ಪಿಗೆ ಕೊಟ್ಟಿತು. ಅರಿವಿನ ಜೊತೆ ಕೆಲಸ ಮಾಡುವ ಮದ್ದೂ ಸಿಕ್ಕರೆ ಮೊದಲ ಪಂಥದ ಲೆಕ್ಕ ಮತ್ತೆ ಸರಿಯಾಗಬಹುದು. ಗೆರೆಯೊಳಗಿದ್ದೂ ದಪ್ಪ ಎಂದುಕೊಂಡವರ ಕೈಗೆ ಅದೇ ಮದ್ದು ಸಿಕ್ಕರೆ ಎರಡನೇ ಪಂಥದ ಭಯ ನಿಜವಾಗಬಹುದು.

ಕೊನೆಯದು ನಮ್ಮದೇ ಪ್ರಶ್ನೆ. ತೂಕದ ಅಂದಾಜು ಮತ್ತು ಡಯಟ್ ಕುರಿತು ಇಲ್ಲಿ ಹೇಳಿದ ವರ್ಷಗಟ್ಟಲೆಯ ಹಿಂಬಾಲಿಕೆಗಳೆಲ್ಲ ಅಮೆರಿಕದ ಮಕ್ಕಳವು, ಅಲ್ಲಿನ ಅಳತೆಯವು. ಸೊರಗಿದ ಮಗುವೂ ಬೊಜ್ಜಿನ ಮಗುವೂ ಒಂದೇ ಬೆಂಚಿನಲ್ಲಿ ಕೂರುವ, ಗೆರೆಗಳೇ ಇನ್ನೂ ಚರ್ಚೆಯಲ್ಲಿರುವ ತರಗತಿಯಲ್ಲಿ ಆ ಫಲಿತಾಂಶಗಳು ಎಷ್ಟು ನಿಲ್ಲುತ್ತವೆ? ಆರೋಗ್ಯ ತಪಾಸಣೆಯ ದಿನ ಕಾರ್ಡಿನ ಮೇಲೆ ಬರೆದ ಅಂಕಿಯನ್ನು ಯಾರಿಗೆ, ಯಾವ ಮಾತಿನ ಜೊತೆ, ಮುಂದಿನ ಯಾವ ನೆರವಿನ ಭರವಸೆಯೊಡನೆ ಹೇಳಬೇಕು ಎಂಬುದು ಆ ಅಂಕಿಯಷ್ಟೇ ಮುಖ್ಯ. ಅದನ್ನು ಮೂರೂ ಪಂಥಗಳು ನಮ್ಮ ಮಕ್ಕಳ ನಡುವೆಯೇ ಪರೀಕ್ಷಿಸಬೇಕಾಗಿದೆ.